ನಾವು ಬರೀ ಮಧ್ಯವರ್ತಿಗಳು, ಸ್ವಾಮಿ

ಗಣಪತಿ ಹಬ್ಬ ಹತ್ತಿರವಾಯಿತೆಂದು ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ ನಮಗೆ ಮೊದಲು ತಿಳಿಸುವುದು ಪೇಪರಿನ ಒಂದು ಮೂಲೆಸುದ್ದಿ. ಮಂಟಪದ ಬಿದಿರು ರಸ್ತೆಗೆ ಬಂದು ಬೀಳುವುದು ಆಮೇಲೆ. 'ಆಕ್ಷೇಪಾರ್ಹ ಸಂದೇಶ ಬಂದರೆ ಗ್ರೂಪ್ ಅಡ್ಮಿನ್ನೇ ಹೊಣೆ' ಎಂಬ ಆ ಎಚ್ಚರಿಕೆ ಈ ಸಲವೂ ಬಂತು. ಬಂದ ಸಂಜೆಯೇ ನಮ್ಮ ಕನ್ನಡ ಬಳಗದ ವಾಟ್ಸಾಪ್ ಗ್ರೂಪಿಗೆ ಬೀಗ ಬಿತ್ತು. ಇನ್ನು ಅಡ್ಮಿನ್ ಮಾತ್ರ ಬರೆಯಬಹುದು.

ಅಡ್ಮಿನ್ ಅಂದರೆ ನಮ್ಮ ಮಾಸ್ತರು. ರಾತ್ರಿಶಾಲೆಯಲ್ಲಿ ಹೋಟೆಲ್ ಹುಡುಗರಿಗೆ ಕನ್ನಡ ಕಲಿಸಿಯೇ ಆಯುಷ್ಯ ಕಳೆದವರು. ಈಗ ಮೊಬೈಲನ್ನು ದಿಂಬಿನಡಿ ಇಟ್ಟುಕೊಂಡು ಮಲಗುತ್ತಾರೆ. ನಡುರಾತ್ರಿ ಟಿಂಗ್ ಅಂದರೆ ತಡಕಾಡಿ ಕನ್ನಡಕ ಹುಡುಕುತ್ತಾರೆ. ನೋಡಿದರೆ ಮೆಂತ್ಯ ನೆನೆಸಿದ ನೀರು ಕುಡಿದರೆ ಸಕ್ಕರೆ ಕಾಯಿಲೆ ಮಾಯ ಎಂಬ ಫಾರ್ವರ್ಡ್. ಯಾವುದಕ್ಕೂ ಇರಲಿ ಅಂತ ಅದನ್ನೂ ಅಳಿಸುತ್ತಾರೆ.

"ಮಾಸ್ತರೆ, ಸದಸ್ಯ ಹಾಕಿದ್ದಕ್ಕೆ ಅಡ್ಮಿನ್ ಹೊಣೆ ಅಲ್ಲ, ಇಬ್ಬರೂ ಸೇರಿ ಸಂಚು ಮಾಡಿದ್ದರೆ ಮಾತ್ರ ಅಂತ ನಮ್ಮ ಬಾಂಬೆ ಹೈಕೋರ್ಟಿನ ನಾಗಪುರ ಪೀಠವೇ 2021ರಲ್ಲಿ ಹೇಳಿದೆಯಲ್ಲ" ಅಂದೆ.

"ಹೇಳಿದೆ ಮಾರಾಯ. ಆದರೆ ಹವಾಲ್ದಾರ ಬಂದು ಬೆಲ್ ಒತ್ತಿದಾಗ ಬಾಗಿಲು ತೆಗೆಯುವುದು ಹೈಕೋರ್ಟ್ ಅಲ್ಲ, ನಾನು."

ಆದರೂ ತೀರ್ಪಿನ ಮೊದಲ ಪುಟವನ್ನು ಸ್ಟೇಷನ್ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಶನ್ ಮಾಡಿಸಿ ಆಧಾರ್ ಕಾರ್ಡಿನ ಜೊತೆ ಇಟ್ಟುಕೊಂಡಿದ್ದಾರೆ.

ಇದು ನೂರಿಪ್ಪತ್ತು ಜನರ ಗ್ರೂಪಿನ ಕಥೆ. ಕೋಟಿಗಟ್ಟಲೆ ಜನರ ಗ್ರೂಪು ನಡೆಸುವ ಫೇಸ್‌ಬುಕ್ಕಿನಂಥ ಕಂಪನಿಗಳ ಕಥೆ ಬೇರೆ. ಕಾನೂನು ಅವರನ್ನು 'ಮಧ್ಯವರ್ತಿ' ಎಂದು ಕರೆಯುತ್ತದೆ. ಆಹಾ, ಎಂಥ ಪದ! ಮುಂಬಯಿಯಲ್ಲಿ ಬಾಡಿಗೆ ಮನೆ ಹುಡುಕಿದವರಿಗೆಲ್ಲ ಈ ಪದ ಕೇಳಿದ ಕೂಡಲೇ ಒಬ್ಬ ಮಹಾನುಭಾವ ಕಣ್ಮುಂದೆ ಬರುತ್ತಾನೆ. ನಮ್ಮ ಹತ್ತಿರ ಒಂದು ತಿಂಗಳ ಬಾಡಿಗೆ ದಲ್ಲಾಳಿ ತೆಗೆದುಕೊಂಡ, ಮಾಲಕನ ಹತ್ತಿರ ಎಷ್ಟು ತೆಗೆದುಕೊಂಡನೋ ಆ ಗಣಪನಿಗೇ ಗೊತ್ತು. 'ಹವಾ ಉಜೇಡು ಭರಪೂರ', ಗಾಳಿ ಬೆಳಕು ಧಾರಾಳ ಅಂದ. ಜೂನ್ ಹತ್ತಕ್ಕೆ ಸೂರು ಸೋರಿ ಬಕೆಟ್ ಇಟ್ಟುಕೊಂಡು ಕೂತು ಫೋನ್ ಮಾಡಿದರೆ, "ಸಾಹೇಬ್, ಮೈ ತೋ ಸಿರ್ಫ್ ಬೀಚ್ ಕಾ ಆದ್ಮಿ", ನಾನು ಬರೀ ನಡುವಿನವ. ಅವನ ಮೇಲೆ ನನಗೆ ಈಗಲೂ ಸಿಟ್ಟಿದೆ. ಆದರೆ ಒಂದು ಮಾತು ಒಪ್ಪಬೇಕು, ಪಾಪ, ಆತ ಫೋನಾದರೂ ಎತ್ತಿದ್ದ.

ದೊಡ್ಡ ಮಧ್ಯವರ್ತಿಗಳಿಗೂ ಒಂದು ಕಾಲದಲ್ಲಿ ಕಷ್ಟವಿತ್ತು ಅನ್ನಿ. 2004ರಲ್ಲಿ ಯಾರೋ ವಿದ್ಯಾರ್ಥಿ ಮಾರಾಟಕ್ಕಿಟ್ಟ ಅಶ್ಲೀಲ ವಿಡಿಯೊ ಒಂದಕ್ಕೆ ಬಾಜೀ ಡಾಟ್ ಕಾಮ್ ಎಂಬ ಆನ್‌ಲೈನ್ ಸಂತೆಯ ಮುಖ್ಯಸ್ಥ ಅವನೀಶ್ ಬಜಾಜ್ ಅವರನ್ನೇ ದಿಲ್ಲಿ ಪೊಲೀಸರು ಬಂಧಿಸಿದ್ದರು. ಅದು ಅನ್ಯಾಯವೇ. ಲೋಕಲ್ ರೈಲಿನ ಡಬ್ಬಿಯಲ್ಲಿ ಬಂಗಾಲಿ ಬಾಬಾ ಅಂಟಿಸಿದ ವಶೀಕರಣದ ಸ್ಟಿಕರಿಗೆ ಗಾರ್ಡನ್ನು ಹಿಡಿದ ಹಾಗೆ. 2008ರ ತಿದ್ದುಪಡಿಯಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 79 ಗಟ್ಟಿಯಾಯಿತು. ಸಂದೇಶ ನೀನು ಹುಟ್ಟಿಸಿಲ್ಲ, ಯಾರಿಗೆ ಹೋಗಬೇಕೆಂದು ನೀನು ಆರಿಸಿಲ್ಲ, ಅದರೊಳಗೆ ಕೈಯಾಡಿಸಿಲ್ಲ, ಹೇಳಿದಾಗ ತೆಗೆದಿದ್ದೀಯ ಎಂದಾದರೆ ನಿನಗೆ ರಕ್ಷೆ. 2015ರಲ್ಲಿ ಸುಪ್ರೀಂ ಕೋರ್ಟ್ ಶ್ರೇಯಾ ಸಿಂಘಲ್ ತೀರ್ಪಿನಲ್ಲಿ, ಕೋರ್ಟು ಅಥವಾ ಸರ್ಕಾರ ತಿಳಿಸಿದ ಮೇಲೆ ತೆಗೆಯದಿದ್ದರೆ ಮಾತ್ರ ಆ ರಕ್ಷೆ ತಪ್ಪುತ್ತದೆ ಎಂದಿತು. ನ್ಯಾಯವೇ.

ಯಾರಿಗೆ ಹೋಗಬೇಕೆಂದು ಆರಿಸಿಲ್ಲವಂತೆ! ನಾನು ಒಮ್ಮೆ ಮಂಡಿನೋವಿನ ಎಣ್ಣೆ ನೋಡಿದ್ದಕ್ಕೆ ಮೂರು ತಿಂಗಳಿಂದ ನನ್ನ ಮೊಬೈಲು ತುಂಬ ಮೊಣಕಾಲುಗಳು. ಜಾಹೀರಾತುದಾರನ ಎದುರು 'ಯಾರಿಗೆ ಏನು ಬೇಕೋ ನಮಗೆಲ್ಲ ಗೊತ್ತು', ಕೋರ್ಟಿನ ಎದುರು 'ನಾವು ಬರೀ ಗೋಡೆ'. ಗೋಡೆಗೆ ಇಷ್ಟು ಬುದ್ಧಿ ಇರುವುದಾದರೆ ನಮ್ಮ ಬಿಲ್ಡಿಂಗಿನದೂ ಸ್ವಲ್ಪ ಕಲಿಯಲಿ, ಸೋರುವುದಾದರೂ ನಿಂತೀತು.

ಈಗ ನನ್ನದೇ ಗೋಳು ಹೇಳಿಬಿಡುತ್ತೇನೆ. ನನ್ನ ಫೋಟೊ, ನನ್ನ ಹೆಸರು ಹಾಕಿಕೊಂಡು ಒಬ್ಬ ಭೂಪ ಖಾತೆ ತೆರೆದ. ಮಾಟುಂಗಾದ ಗೆಳೆಯರಿಗೆಲ್ಲ 'ಆಸ್ಪತ್ರೆಯಲ್ಲಿದ್ದೇನೆ, ಎಂಟು ಸಾವಿರ ಅರ್ಜೆಂಟ್' ಅಂತ ಸಂದೇಶ. ಒಬ್ಬರು ಕಳಿಸಿಯೂ ಬಿಟ್ಟರು. (ನಾನು ನಿಜವಾಗಿ ಕೇಳಿದಾಗ ಅವರು ಐನೂರು ಕೊಟ್ಟವರಲ್ಲ.) ಅದೇ ಕಾಯ್ದೆಯಡಿಯ 2021ರ ನಿಯಮದ ಪ್ರಕಾರ ಆಗ ಇಂಥ ಸೋಗಿನ ಬಗ್ಗೆ ದೂರು ಬಂದರೆ 24 ಗಂಟೆಯೊಳಗೆ ತೆಗೆಯಬೇಕಿತ್ತು. ದೂರು ಕೊಟ್ಟೆ. ತಲುಪಿದೆ ಎಂದು ಎರಡು ನಿಮಿಷದಲ್ಲಿ ಉತ್ತರ, ಎಂಥ ಶಿಸ್ತು! ಮೂರನೇ ದಿನ ಇನ್ನೊಂದು: 'ಈ ಖಾತೆ ನಮ್ಮ ಸಮುದಾಯದ ಮಾನದಂಡ ಉಲ್ಲಂಘಿಸಿಲ್ಲ.' ಕೆಳಗೆ, 'ನಮ್ಮ ಸೇವೆ ಹೇಗಿತ್ತು?' ಎಂದು ಐದು ನಕ್ಷತ್ರ. ಮೇಲ್ಮನವಿಗೆ ಸರ್ಕಾರದ ಸಮಿತಿಗಳಿವೆ, 30 ದಿನದೊಳಗೆ ಹೋಗಬೇಕು. ಅಷ್ಟರಲ್ಲಿ ಆತ ನನ್ನ ಮಂಡಿಗೂ ಆಪರೇಷನ್ ಮಾಡಿಸಿದ್ದ.

ತೆಗೆಯಲು ಬರುವುದಿಲ್ಲ ಅಂತಲ್ಲ, ಕೇಳುವವರು ಕೇಳಿದರೆ ತೆಗೆಯುತ್ತಾರೆ. ಸರ್ಕಾರವಂತೂ 2023ರಲ್ಲಿ, ತನ್ನ ವ್ಯವಹಾರದ ಬಗ್ಗೆ ಯಾವುದು ಸುಳ್ಳು ಎಂದು ತಾನೇ ಹೇಳುವ ಸತ್ಯಶೋಧನಾ ಘಟಕಕ್ಕೆ ನಿಯಮ ಮಾಡಿತು. ಗಲ್ಲಾದಲ್ಲಿ ಕೂತ ಮಾಲಕನನ್ನೇ 'ಸಾಂಬಾರ್ ಹಳಸಿದೆಯೇ?' ಅಂತ ಕೇಳುವ ಪದ್ಧತಿ. ಹಾಸ್ಯಗಾರ ಕುನಾಲ್ ಕಾಮ್ರಾ ಮತ್ತಿತರರು ಹೋಗಿ ಕೇಳಿದ್ದಕ್ಕೆ ನಮ್ಮ ಹೈಕೋರ್ಟ್ 2024ರ ಸೆಪ್ಟೆಂಬರಿನಲ್ಲಿ ಅದನ್ನು ಹೊಡೆದುಹಾಕಿತು. ಹಾಸ್ಯಗಾರರ ಮರ್ಯಾದೆ ಉಳಿಯಿತು, ಇಲ್ಲದಿದ್ದರೆ ನಮಗೆಲ್ಲ ಏನು ಕೆಲಸ?

ನಗುವುದಕ್ಕೆ ಆಗದ್ದೂ ಒಂದಿದೆ. ನಮ್ಮ ಪಶ್ಚಿಮ ರೈಲ್ವೆಯ ಪಾಲ್ಘರ್. 2012ರ ನವೆಂಬರ್, ಬಾಳಾ ಠಾಕ್ರೆ ತೀರಿಕೊಂಡಾಗ ಮುಂಬಯಿ ಯಾಕೆ ಬಂದ್ ಆಗಬೇಕು ಎಂದು ಒಬ್ಬ ಹುಡುಗಿ ಫೇಸ್‌ಬುಕ್ಕಿನಲ್ಲಿ ಬರೆದಳು. ಇನ್ನೊಬ್ಬಳು ಲೈಕ್ ಒತ್ತಿದಳು. ಇಬ್ಬರನ್ನೂ ಬಂಧಿಸಿದರು. ಬರೆದವಳ ಚಿಕ್ಕಪ್ಪನ ಆಸ್ಪತ್ರೆಯನ್ನು ಪುಡಿಗಟ್ಟಿದರು. ಅದಕ್ಕೆ ಬಳಸಿದ್ದು ಅದೇ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 66ಎ, ಆನ್‌ಲೈನಿನಲ್ಲಿ 'ಆಕ್ಷೇಪಾರ್ಹ' ಮಾತು ಬರೆದರೆ ಜೈಲು ಎನ್ನುವುದು. ಆ ಸೆಕ್ಷನ್ 2015ರಲ್ಲಿ ರದ್ದಾಯಿತು. ರದ್ದಾದ ಮೇಲೂ ಪೊಲೀಸರು ಅದರಡಿ ಕೇಸು ಹಾಕುತ್ತಲೇ ಇದ್ದರು. ಆರು ವರ್ಷ ಕಳೆದ ಮೇಲೂ ಅದು ಕಿವಿಗೆ ಬಿದ್ದು ಸುಪ್ರೀಂ ಕೋರ್ಟೇ ದಂಗಾಗಬೇಕಾಯಿತು. ಸತ್ತ ಕಾನೂನಿನಡಿ ಠಾಣೆ ಮೆಟ್ಟಿಲು ಹತ್ತಿದವರಿಗೆ ಯಾರು ಉತ್ತರ ಕೊಟ್ಟರು? ಯಾರೂ ಇಲ್ಲ. ಸಾಕಾಗಿದೆ. ಗೋಡೆಯ ಮಾಲಕನಿಗೆ ರಕ್ಷೆ ಇರಲಿ, ಬೇಡ ಅನ್ನುವುದಿಲ್ಲ. ಗೋಡೆ ಮುಂದೆ ನಿಂತು ಒಂದು ಮಾತಾಡಿದವಳಿಗೆ ಯಾವ ರಕ್ಷೆಯಿತ್ತು?

ಇರಲಿ. ಗ್ರೂಪಿಗೆ ಬೀಗ ಬಿದ್ದು ಈಗ ವಾರವಾಯಿತು. ಮಾಸ್ತರು ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಿದ್ದಾರೆ. ನಿನ್ನೆ ನನ್ನ ಹುಟ್ಟುಹಬ್ಬ. ಗ್ರೂಪಿನಲ್ಲಿ ಯಾರೂ ಬರೆಯುವಂತಿಲ್ಲವಲ್ಲ, ಅದಕ್ಕೆ ಅವರೇ ಪ್ರೀತಿಯಿಂದ ನಾಲ್ಕು ಸಾಲಿನ ಚೌಪದಿ ಕಟ್ಟಿ ಹಾರೈಸಿದ್ದಾರೆ, ಆ ನಕಲಿ ಖಾತೆಯಲ್ಲಿ. ಭೂಪ ಕೈ ಮುಗಿದಿದ್ದಾನೆ. ಮಾಸ್ತರ ಹತ್ತಿರ ಎಷ್ಟು ಕೇಳಿದ್ದಾನೋ, ಸಂಜೆ ಹೋಗಿ ವಿಚಾರಿಸಬೇಕು.