ಅವರ ಕಿವಿ, ನಮ್ಮ ಗೋಡೆ

ಸ್ಪೀಕರ್ ಕೊಳ್ಳುವ ಮೊದಲು ಮೂರು ವಾರ ಬರೀ ರಿವ್ಯೂ ಓದಿದೆ. 'ಬೇಸ್ (ಅಂದರೆ ತಗ್ಗು ದನಿ) ಎದೆಗೇ ಗುದ್ದುತ್ತೆ' ಅಂತ ಒಬ್ಬರು, ಅದೇ ಸ್ಪೀಕರಿಗೆ 'ಬೇಸೇ ಇಲ್ಲ, ದುಡ್ಡು ದಂಡ' ಅಂತ ಇನ್ನೊಬ್ಬರು. ಇಬ್ಬರಲ್ಲಿ ಯಾರೋ ಸುಳ್ಳು ಬಿಡ್ತಿದ್ದಾರೆ ಅಂದುಕೊಂಡು, ನಕ್ಷತ್ರ ಜಾಸ್ತಿ ಇದ್ದದ್ದನ್ನೇ ತಂದೆ.

ತಂದವನು ಮೂಲೆಗೆ ಇಟ್ಟೆ, ಖಾಲಿ ಇದ್ದದ್ದು ಅದೊಂದೇ ಜಾಗ. ಹಾಡು ಹಾಕಿದರೆ ಗಾಯಕ ಕಂಬಳಿ ಹೊದ್ದು ಹಾಡಿದ ಹಾಗಿತ್ತು. ಯಾವುದೋ ಒಂದು ಸ್ವರ ಬಂದಾಗಲೆಲ್ಲ ಬೀರುವಿನ ಗಾಜು ಗುಂಯ್ ಅನ್ನುತ್ತಿತ್ತು. ಹೊಗಳಿ ಬರೆದವರಿಗೆಲ್ಲ ಮನಸಾರೆ ಬೈದೆ. ಒಂದು ದಿನ ಕಸ ಗುಡಿಸೋಕೆ ಅಂತ ಸ್ಪೀಕರನ್ನು ಎರಡಡಿ ಈಚೆ ಎಳೆದವನು ವಾಪಸ್ ತಳ್ಳಲು ಮರೆತು ಅದೇ ಹಾಡು ಹಾಕಿದೆ ನೋಡಿ, ಕಂಬಳಿ ಜಾರಿಹೋಗಿತ್ತು!

ಮೂಲೆಗೆ ಇಟ್ಟರೆ ಬೇಸ್ ಊದಿಕೊಳ್ಳುತ್ತದೆ. ಅದು ಸಾಲದು ಅಂತ ಕೋಣೆಯೂ ದನಿ ಸೇರಿಸುತ್ತದೆ. 4 ಮೀಟರ್ ಉದ್ದದ ಕೋಣೆಯಾದರೆ ಸುಮಾರು 43 ಹರ್ಟ್ಸ್‌ನ ತಗ್ಗು ಸ್ವರ ಎರಡು ಗೋಡೆಗಳ ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ. ಆಗ ಗೋಡೆಗೆ ಒರಗಿ ಕೂತವರಿಗೆ ಗುದ್ದು, ನಟ್ಟನಡುವೆ ಕೂತವರಿಗೆ ಅದೇ ಸ್ವರ ಮಾಯ. ಅಂದರೆ ಆ ಇಬ್ಬರೂ ನಿಜವನ್ನೇ ಬರೆದಿದ್ದರು. ಸೋಫಾ ಎಲ್ಲಿದೆ ಅಂತ ಮಾತ್ರ ಬರೆದಿರಲಿಲ್ಲ.

ಕಿವಿಯನ್ನಾದರೂ ನಂಬೋಣವೇ? ಎರಡು ಸ್ಪೀಕರ್ ಹೋಲಿಸುವಾಗ ಒಂದು ಚೂರೇ ಚೂರು ಜೋರಾಗಿದ್ದರೂ ಅದೇ ಚೆಂದ ಅನ್ನಿಸಿಬಿಡುತ್ತದೆ. ಕಣ್ಣಂತೂ ಇನ್ನೂ ಮೋಸಗಾರ. ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಎಂಬ ಧ್ವನಿ ಸಂಶೋಧಕರು ಸ್ಪೀಕರ್ ಮಾಡುವ ಹರ್ಮನ್ ಕಂಪನಿಯಲ್ಲಿ ಸ್ಪೀಕರುಗಳನ್ನು ಪರದೆ ಹಿಂದೆ ಇಟ್ಟು ಒಮ್ಮೆ, ಎದುರಿಗೇ ಇಟ್ಟು ಒಮ್ಮೆ ಅಂಕ ಹಾಕಿಸಿ, 1994ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಣ್ಣಿಗೆ ಬಿದ್ದ ಕೂಡಲೇ ದೊಡ್ಡ, ದುಬಾರಿ ಪೆಟ್ಟಿಗೆಗಳ ಅಂಕ ಏರಿತು, ಪುಟ್ಟ ಪ್ಲಾಸ್ಟಿಕ್ಕಿನದ್ದು ಇಳಿಯಿತು. ಅಂಕ ಹಾಕಿದವರು ಆ ಕಂಪನಿಯವರೇ! ಇನ್ನು ಸ್ವಂತ ದುಡ್ಡು ಸುರಿದವರ ಕಥೆ ಏನು ಕೇಳುತ್ತೀರಿ, ಹೆತ್ತವರಿಗೆ ಹೆಗ್ಗಣ ಮುದ್ದು. 'ನೂರು ಗಂಟೆ ಓಡಿಸಿ, ಆಮೇಲೆ ದನಿ ಅರಳುತ್ತೆ' ಅಂತ ಬೇರೆ ಧೈರ್ಯ ಹೇಳುತ್ತಾರೆ. ಹೆಚ್ಚಿನ ಸಲ ಅಷ್ಟರಲ್ಲಿ ಒಗ್ಗಿಹೋಗುವುದು ನಮ್ಮ ಕಿವಿ. ವಾಪಸ್ ಕೊಡುವ ಗಡುವೂ ಮುಗಿದಿರುತ್ತದೆ, ಅಲ್ವಾ?

ಹಾಗಾಗಿ ನಾನೀಗ ದನಿಯ ವರ್ಣನೆ ಬಂದರೆ ಸುಮ್ನೆ ದಾಟಿಸಿಬಿಡುತ್ತೇನೆ. 'ರೇಷ್ಮೆಯಂಥ ದನಿ' ಅಂದರೆ ಏನು ಅಂತ ಇವತ್ತಿಗೂ ಗೊತ್ತಾಗಿಲ್ಲ. 50 ವಾಟ್ ಬದಲು 100 ವಾಟ್ ಅಂದರೂ ಮರುಳಾಗುವುದಿಲ್ಲ, ಅದರಿಂದ ದನಿ ಏರುವುದು ಬರೀ 3 ಡೆಸಿಬೆಲ್, ಕಿವಿಗೆ ಕೊಂಚವೇ ಜೋರು. ಅಳತೆ ಮಾಡಿ ಗ್ರಾಫ್ ಹಾಕಿದವರಿದ್ದರೆ ಅದನ್ನು ನೋಡುತ್ತೇನೆ. ಉಳಿದಂತೆ ನನಗೆ ಬೇಕಾದ್ದು ಗೊಣಗಾಟ. ಹಾಡು ನಿಂತ ಮೇಲೂ ಹಮ್ ಅನ್ನುತ್ತೆ, ಬ್ಲೂಟೂತ್ ಪದೇ ಪದೇ ಕಟ್ ಆಗುತ್ತೆ, ಹಿಂದಿನ ಸ್ವಿಚ್ಚಿಗೆ ಕೈ ಹೋಗಲ್ಲ ಅಂತ ಒಂದು ವರ್ಷ ಬಳಸಿ ಮೂರು ನಕ್ಷತ್ರ ಕೊಟ್ಟವರು ಬರೆದಿರುತ್ತಾರಲ್ಲ, ಅದು. ಇದಕ್ಕೆಲ್ಲ ಒಳ್ಳೆ ಕಿವಿಯೂ ಬೇಡ, ಒಳ್ಳೆ ಕೋಣೆಯೂ ಬೇಡ.

ಮೊನ್ನೆ ನಾನೂ ಒಂದು ಬರೆದೆ. ದನಿಯ ಸುದ್ದಿಗೇ ಹೋಗಲಿಲ್ಲ. 'ರಿಮೋಟಿನ ಮ್ಯೂಟ್ ಬಟನ್ ಎಂಟು ತಿಂಗಳಿಗೆ ಕೂತುಹೋಯಿತು, ಕಪ್ಪು ಮೈಮೇಲೆ ಧೂಳು ಎದ್ದು ಕಾಣುತ್ತೆ' ಅಂತ ಬರೆದು ಮೂರು ನಕ್ಷತ್ರ ಒತ್ತಿದೆ. ಇದು ಉಪಯೋಗಕ್ಕೆ ಬಂತು ಅಂತ ಇವತ್ತಿನವರೆಗೆ ಒಬ್ಬರೂ ಗುರುತು ಹಾಕಿಲ್ಲ.