ಹರಿವಾಣದ ಅಕ್ಕಿ ಮರುದಿನ ಡಬ್ಬಕ್ಕೆ

ವಿಜಯದಶಮಿಗೆ ಉಡುಪಿಯಿಂದ ವಾಟ್ಸಾಪಿನಲ್ಲಿ ಫೋಟೊ ಬಂತು: ಹರಿವಾಣ ತುಂಬ ಬೆಳ್ತಿಗೆ ಅಕ್ಕಿ, ಅಜ್ಜನ ಕೈಯೊಳಗೆ ಮಗುವಿನ ಬೆರಳು. ಮರುವಾರ ಇನ್ನೊಂದು ಬಂತು. ಅದೇ ಮಗು ಕಾಪಿ ಪುಸ್ತಕದಲ್ಲಿ ಪುಟವಿಡೀ ‘ಅ’ ತಿದ್ದುತ್ತಿದೆ. ಚುಚ್ಚಿದ್ದು ಅದು. ಇಲ್ಲಿ ಇಂಗ್ಲೆಂಡಿನಲ್ಲಿ ನಾಲ್ಕು ವರ್ಷದ ಮಕ್ಕಳ ಎಷ್ಟೋ ತರಗತಿಗಳಲ್ಲಿ ಬೆರಳಿನಿಂದ ಅಕ್ಷರ ತಿದ್ದುವ ಮರಳಿನ ತಟ್ಟೆ ವರ್ಷವಿಡೀ ಕೈಗೆ ಸಿಗುತ್ತದೆ. ನಾವು ಒಂದು ದಿನ ಕೈಮುಗಿದು ಮುಗಿಸುತ್ತೇವೆ.

ತಟ್ಟೆಗೆ ಖರ್ಚೇನಿಲ್ಲ. ತಳಕ್ಕೆ ಕಪ್ಪು ಕಾಗದ, ಮೇಲೆ ಸಣ್ಣ ರವೆ, ಅರ್ಧ ಸೆಂಟಿಮೀಟರಿಗಿಂತ ತೆಳ್ಳಗೆ. ದಪ್ಪವಾದರೆ ಎಳೆದ ಗೆರೆ ಕುಸಿದು ಮುಚ್ಚಿಹೋಗುತ್ತದೆ. ಉಪ್ಪು ಬೇಡ, ನಮ್ಮ ಮಳೆಗಾಲಕ್ಕೆ ನೀರೊಡೆಯುತ್ತದೆ. ಬೆರಳು ಎಳೆಯುವಾಗಲೇ ಬಾಯಿ ಶಬ್ದ ಹೇಳಬೇಕು. ಬರೆದಾದ ಮೇಲೆ ಹೇಳಿಸಿದರೆ ಅದು ಬರೀ ಚಿತ್ರ.

ಇಂಗ್ಲಿಷಿಗೆ ಇಲ್ಲಿ ಎ, ಬಿ, ಸಿ ಕ್ರಮ ಹಿಡಿಯುವುದಿಲ್ಲ. ಸಾಮಾನ್ಯವಾಗಿ ಎಸ್, ಎ, ಟಿ, ಪಿ, ಐ, ಎನ್ ಮೊದಲು. ಅಷ್ಟರಲ್ಲೇ ಸ್ಯಾಟ್, ಪಿನ್, ಟ್ಯಾಪ್ ಓದಿಯಾಯಿತು. ನಮ್ಮವರು ಎಡವುವುದು ‘ಟ್’ ಅನ್ನಬೇಕಾದಲ್ಲಿ ‘ಟ’ ಅಂದು. ‘ಸ-ಆ್ಯ-ಟ’ ಎಷ್ಟು ಬೇಗ ಹೇಳಿದರೂ ‘ಸ್ಯಾಟ್’ ಆಗದು. (ಬಸ್ಸಿಗೂ ‘ಉ’ ಅಂಟಿಸಿದ ನಾಲಗೆ ತಾನೆ!)

ಕನ್ನಡಕ್ಕೆ ಇಂಥ ಕ್ರಮ ನಮ್ಮಲ್ಲೇ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿಕಲಿ ಎಂಬ ಕಲಿಕೆಯ ಪದ್ಧತಿ ಹಿಡಿದದ್ದು ರ, ಗ, ಸ, ದ, ಅ. ಐದೇ ಅಕ್ಷರಕ್ಕೆ ಸರ, ಅರಸ, ಅಗಸ, ಗರಗಸ. ಸರಕಾರಿ ಶಾಲೆಯದ್ದು ಎಂಬ ಕಾರಣಕ್ಕೇ ಮಂಗಳೂರಿನಲ್ಲಿ ಫೀಸು ಕಟ್ಟುವ ಅಪ್ಪ-ಅಮ್ಮಂದಿರು ಅದನ್ನು ಮೂಸಿಯೂ ನೋಡುವುದಿಲ್ಲ.

ಮಳೆಗಾಲದ ಆಟಿ ತಿಂಗಳಿಗೆ ಮಾತ್ರ ಕೆಳಗಿಳಿಯುವ, ಸಾಲು ಗುಳಿಗಳ ಚೆನ್ನೆಮಣೆಯನ್ನು ಈಗಲೇ ಇಳಿಸಿ. ‘ಗರಗಸ’ ಎನ್ನುತ್ತ ಅಕ್ಷರಕ್ಕೊಂದರಂತೆ ಗುಳಿಗಳಲ್ಲಿ ಮಂಜೊಟ್ಟಿ ಕಾಳು ಹಾಕಿಸಿ, ನಾಲ್ಕು ಗುಳಿ ಆಗಬೇಕು. ಮೂರಕ್ಕೆ ನಿಂತರೆ ಮಗು ಒಂದು ಅಕ್ಷರ ನುಂಗಿದ್ದು ಅಲ್ಲೇ ಗೊತ್ತಾಗುತ್ತದೆ. ಬಾಯಿಗೆ ಹಾಕುವ ಮಗುವಾದರೆ ಕಾಳಿನ ಬದಲು ದೊಡ್ಡ ಕಪ್ಪೆಚಿಪ್ಪು ಕೊಡಿ. ಗುಲಗಂಜಿ ಅಂತೂ ಬೇಡವೇ ಬೇಡ, ವಿಷ.

ಹಾಂ, ಇಲ್ಲಿ ಈ ವಯಸ್ಸಿನ ತರಗತಿಗೆ ಒಬ್ಬ ಟೀಚರಿಗೆ 30 ಮಕ್ಕಳೆಂಬ ಮಿತಿ ಕಾನೂನಿನಲ್ಲೇ ಇದೆ. ಸಾಮಾನ್ಯವಾಗಿ ಸಹಾಯಕಿಯೂ ಇರುತ್ತಾರೆ. ಊರಿನ ಟೀಚರಿಗೆ ರವೆ ಗುಡಿಸುವುದೇ ಕೆಲಸವಾದೀತು. ಇನ್ನು, ಇಷ್ಟೆಲ್ಲ ಕಲಿತ ಇಲ್ಲಿನ ಮಗುವಿಗೆ ‘ಥ್ರೂ’, ‘ಕಾಫ್’ ಎರಡರಲ್ಲೂ ಅದೇ ಒ-ಯು-ಜಿ-ಎಚ್ ಎದುರಾದರೆ ಯಾವ ತಟ್ಟೆಯೂ ಕೈಹಿಡಿಯದು. ಊರಿನ ಮಗುವಿಗೆ ಕಾಗುಣಿತ, ಒತ್ತಕ್ಷರ ಒಮ್ಮೆ ಹತ್ತಿದರೆ ಸಾಕು, ಬಸ್ಸಿನ ಬೋರ್ಡಿನಿಂದ ಹಿಡಿದು ಕಂಡದ್ದನ್ನೆಲ್ಲ ಓದುತ್ತದೆ. ಕಾಪಿ ಬರೆದು ಕಲಿತರೂ.