ದೊಡ್ಡ ಮೀನುತೊಟ್ಟಿಯಾದರೆ ಅಳತೆ ಕೊಟ್ಟು ಮಾಡಿಸಿ

ಚೆನ್ನೈನ ಕೊಳತ್ತೂರು ಬಣ್ಣದ ಮೀನುಗಳ ವ್ಯಾಪಾರಕ್ಕೆ ಹೆಸರಾದ ಬಡಾವಣೆ. ಅಲ್ಲಿ ಮೀನು ಮಾರುವವರ ಜೊತೆಗೆ ತೊಟ್ಟಿ ಮಾಡಿಕೊಡುವವರೂ ಸಿಗುತ್ತಾರೆ. ಅಳತೆ ಹೇಳಿದರೆ ಗಾಜು ಕತ್ತರಿಸಿ, ಅಂಚು ಉಜ್ಜಿ, ಸಿಲಿಕೋನ್ ಹಚ್ಚಿ ಕೂಡಿಸುತ್ತಾರೆ. ಬೆಂಗಳೂರಿನ ನನ್ನ ಬಂಧುಗಳು ಮಾತ್ರ ದೊಡ್ಡ ಅಕ್ವೇರಿಯಂ ಬೇಕೆಂದಾಗಲೆಲ್ಲ ಅಂಗಡಿಯಲ್ಲಿ ಸಿದ್ಧವಾಗಿರುವುದನ್ನೇ ಹುಡುಕುತ್ತಾರೆ. ಎರಡು ಅಡಿಯ ತೊಟ್ಟಿಗೆ ಅದು ಸರಿ. ನಾಲ್ಕು ಅಡಿ ದಾಟಿದರೆ ಮಾಡಿಸುವುದೇ ಮೇಲು ಎನ್ನುತ್ತೇನೆ.

ನಾನು ಮೊದಲು ನೋಡುವುದು ಆಕಾರವನ್ನು. ಬೆಲೆಯ ಲೆಕ್ಕ ಆಮೇಲೆ. ಸಿದ್ಧ ತೊಟ್ಟಿಗಳಲ್ಲಿ ಅನೇಕವು ಹಜಾರದ ಅಂದಕ್ಕೆಂದು ಎತ್ತರವಾಗಿ, ಕಿರಿದಾಗಿ ಇರುತ್ತವೆ. ಮೀನಿಗೆ ಈಜಲು ಉದ್ದ ಬೇಕು, ತಿರುಗಲು ಅಗಲ ಬೇಕು, ಆಮ್ಲಜನಕ ಕರಗಲು ನೀರಿನ ಮೇಲ್ಮೈ ವಿಶಾಲವಾಗಿರಬೇಕು. ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಗುಂಪಾಗಿ ಓಡಾಡುವ 'ಮಿಸ್ ಕೇರಳ' ಮೀನನ್ನು ಅಂಥ ಇಕ್ಕಟ್ಟಿನಲ್ಲಿ ಕಂಡರೆ ನನಗೆ ಸಂಕಟವಾಗುತ್ತದೆ. ಅಳಿವಿನ ಅಂಚಿನಲ್ಲಿರುವ ಜೀವವದು. ಸಾಕುವುದಾದರೆ ತೊಟ್ಟಿಯಲ್ಲೇ ಮರಿಮಾಡಿಸಿದ್ದನ್ನು ಕೇಳಿ ತರಬೇಕು. ಚೆನ್ನೈನ ಬೇಸಿಗೆಯಲ್ಲಂತೂ ಮೇಲ್ಮೈ ಇನ್ನೂ ಮುಖ್ಯ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ. ಅಗಲವಾದ ತೊಟ್ಟಿಯ ಮೇಲೆ ಸಣ್ಣ ಫ್ಯಾನ್ ತಿರುಗಿಸಿದರೆ ನೀರು ಆವಿಯಾಗುತ್ತಾ ತಂಪಾಗುತ್ತದೆ.

ಹಾಗೆಂದು ಮನೆಯಲ್ಲೇ ಗಾಜು ಅಂಟಿಸಲು ಹೊರಡಬೇಡಿ. ಬಚ್ಚಲಿಗೆ ಬಳಸುವ, ಬೂಷ್ಟು ತಡೆಯುವ ಸಿಲಿಕೋನ್ ಮೀನಿಗೆ ವಿಷ. ಒಣಗಿದ ಸಿಲಿಕೋನಿನ ಮೇಲೆ ಹೊಸದು ಸರಿಯಾಗಿ ಹಿಡಿಯುವುದಿಲ್ಲ, ಆದ್ದರಿಂದ ಸೋರಿದ ಮೂಲೆಗೆ ತೇಪೆ ಹಾಕಿ ಪಾರಾಗಲಾಗದು. ಈ ಕೆಲಸ ಪಳಗಿದ ಕೈಗೇ ಇರಲಿ. ಸಂಪ್‌ಗೆ, ಅಂದರೆ ತೊಟ್ಟಿಯ ಕೆಳಗಿಟ್ಟು ನೀರು ಸೋಸುವ ಪೆಟ್ಟಿಗೆಗೆ, ನೀರು ಇಳಿಯುವ ತೂತು ಎಲ್ಲಿರಬೇಕು, ಪೈಪುಗಳು ಎಲ್ಲಿ ಹಾಯಬೇಕು ಎಂಬುದನ್ನು ನೀವು ನಿರ್ಧರಿಸಿ. ಕಾಯಿಸಿ ಗಟ್ಟಿ ಮಾಡಿದ ಟಫನ್ಡ್ ಗಾಜಿಗೆ ಆಮೇಲೆ ತೂತು ಕೊರೆಯಲಾಗುವುದಿಲ್ಲ, ಮೊದಲೇ ಹೇಳಿರಬೇಕು.

ಭಾರದ ಮಾತನ್ನು ಅಂಗಡಿಯವರು ಸಾಮಾನ್ಯವಾಗಿ ಎತ್ತುವುದಿಲ್ಲ. ಐದು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ತೊಟ್ಟಿ ಸುಮಾರು 566 ಲೀಟರ್ ಹಿಡಿಯುತ್ತದೆ. ನೀರೇ 566 ಕೆಜಿ, 12 ಮಿಲಿಮೀಟರ್ ದಪ್ಪದ ಗಾಜು ನೂರು ಕೆಜಿಗೂ ಹೆಚ್ಚು. ಮರಳು, ಕಲ್ಲು, ಕೆಳಗಿನ ಸ್ಟ್ಯಾಂಡ್ ಸೇರಿದರೆ ಮುಕ್ಕಾಲು ಟನ್ ದಾಟಬಹುದು. ಇಷ್ಟೂ ಒಂದು ಚದರ ಮೀಟರಿಗಿಂತ ಕಡಿಮೆ ಜಾಗದಲ್ಲಿ ಕೂರುತ್ತದೆ. ವಾಸದ ಕೋಣೆಯ ನೆಲಕ್ಕೆ ನಮ್ಮಲ್ಲಿ ಲೆಕ್ಕ ಹಿಡಿಯುವುದು ಚದರ ಮೀಟರಿಗೆ ಸುಮಾರು 200 ಕೆಜಿ. ಅಪಾರ್ಟ್‌ಮೆಂಟಿನಲ್ಲಿ ಇರುವವರು ಮೊದಲು ಎಂಜಿನಿಯರರನ್ನು ಕೇಳಿ, ತೊಲೆಯ ಮೇಲೆ ಬರುವಂತೆ ಗೋಡೆಗೆ ಒತ್ತಿ ಜಾಗ ಗೊತ್ತುಮಾಡಿ, ಆ ಜಾಗಕ್ಕೆ ತಕ್ಕ ಅಳತೆ ಕೊಡಬೇಕು.

ಲಿಫ್ಟಿನ ಬಾಗಿಲನ್ನೂ ಅಳೆಯಿರಿ. ಐದು ಅಡಿಯ ಸಿದ್ಧ ತೊಟ್ಟಿ ಅದರೊಳಗೆ ಹಿಡಿಸದಿದ್ದರೆ ಮೆಟ್ಟಿಲ ಮೇಲೆ ಹೊತ್ತು ಸಾಗಿಸಬೇಕು. ಮಾಡಿಸುವುದಾದರೆ, ಕತ್ತರಿಸಿದ ಗಾಜನ್ನು ಬಿಡಿಬಿಡಿಯಾಗಿ ತಂದು ಮನೆಯಲ್ಲೇ ಕೂಡಿಸಿಕೊಡುತ್ತೀರಾ ಎಂದು ಮುಂಗಡ ಕೊಡುವ ಮೊದಲೇ ಕೇಳಬಹುದು.